ಕುಡಿದು ಬರುವ ಕಸ್ಟಮರ್‌ಗೆ ‘ಇವತ್ತು ಬೇಡ’ ಅನ್ನುವುದು ಹೇಗೆ?

ಪಾರ್ಲರ್ ನಡೆಸುವವರು ಕೌನ್ಸೆಲಿಂಗ್‌ಗೆ ಎಂದು ನನ್ನ ಹತ್ತಿರ ಈ ಸಮಸ್ಯೆ ತರುವುದು ಇದೇ ಮೊದಲಲ್ಲ. ಕಸ್ಟಮರ್ ಕುಡಿದು ಬರುತ್ತಾರೆ, ಇಲ್ಲವೇ ನೀರಿನ ಬಾಟಲಿಯಲ್ಲಿ ಬೆರೆಸಿ ತಂದು ಕುರ್ಚಿಯಲ್ಲೇ ಗುಟುಕರಿಸುತ್ತಾ ಕೂರುತ್ತಾರೆ. ಈ ಪ್ರಕರಣದಲ್ಲಿ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಒಬ್ಬರೇ ಪಾರ್ಲರ್ ನೋಡಿಕೊಳ್ಳುವ ಬ್ಯೂಟಿಷಿಯನ್. ಹಳೇ ಕಸ್ಟಮರ್ ಒಬ್ಬರಿಗೆ ವ್ಯಾಕ್ಸಿಂಗ್ ಮಾಡುವಾಗ ಚರ್ಮ ಸುಟ್ಟಿತು. ‘ಬಿಸಿ ಜಾಸ್ತಿ ಆಯ್ತಾ ಮೇಡಂ?’ ಎಂದು ಕೇಳಿದ್ದಕ್ಕೆ ‘ಇಲ್ಲ, ಸರಿಯಾಗಿದೆ’ ಅಂದಿದ್ದರಂತೆ. ಮರುದಿನ ಫೋನಿನಲ್ಲಿ ಬೈಗುಳ.

ಅವರನ್ನು ಕಳೆದುಕೊಂಡರೆ ವ್ಯಾಪಾರಕ್ಕೆ ಪೆಟ್ಟು ಅನ್ನುವುದೊಂದೇ ಇವರ ಮಾತು. ನನಗೆ ಪೂರ್ತಿ ನಂಬಿಕೆ ಬರಲಿಲ್ಲ, ಯಾಕೆಂದರೆ ಒಬ್ಬರಿಗೆ ಇಷ್ಟು ಹೆದರುವಷ್ಟು ಅವರ ಪಾರ್ಲರ್ ಖಾಲಿ ಇರಲಿಲ್ಲ. ಅದಕ್ಕೇ ಕೇಳಿದೆ, ‘ಅವರು ಕುಡಿಯದೆ ಬಂದರೆ ನಿಮಗೇನು ನಷ್ಟ?’

ಸುಮಾರು ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: ‘ಕುಡಿದಾಗ ಮಾತ್ರ ಅವರು ನನ್ನ ಜೊತೆ ಸರಿಸಮವಾಗಿ ಮಾತಾಡೋದು ಮೇಡಂ. ಮನೆ ಕಷ್ಟ ಎಲ್ಲ ಹೇಳ್ತಾರೆ. ಬೇರೆ ದಿನ ಫೋನ್ ನೋಡ್ತಾ ಕೈ ಚಾಚ್ತಾರೆ, ಅಷ್ಟೇ.’

ದುಡ್ಡಿನ ಭಯ ಹಿಂದೆ ಸರಿಯಿತು. ಕುಡಿತ ನಿಂತರೆ ಸ್ನೇಹವೂ ನಿಲ್ಲುತ್ತದೆ ಅನ್ನುವ ಅಳುಕೇ ಇಷ್ಟು ದಿನ ಅವರ ಬಾಯಿ ಕಟ್ಟಿತ್ತು.

ಸ್ನೇಹ ಬೇಡ ಅಂತ ನಾನು ಹೇಳಲಿಲ್ಲ. ಆದರೆ ಬಿಸಿ ವ್ಯಾಕ್ಸ್ ಹಚ್ಚುವಾಗ ‘ಉರಿಯುತ್ತಿದೆ’ ಅಂತ ತಕ್ಷಣ ಹೇಳುವ ಸ್ಥಿತಿಯಲ್ಲಿ ಕಸ್ಟಮರ್ ಇರಲೇಬೇಕು. ಮದ್ಯ ನೋವನ್ನು ಮಂಕು ಮಾಡುತ್ತದೆ. ಚರ್ಮದ ರಕ್ತನಾಳಗಳನ್ನೂ ಹಿಗ್ಗಿಸುವುದರಿಂದ ಮೈ ಕೆಂಪಾದದ್ದು ವ್ಯಾಕ್ಸಿನಿಂದಲೋ ಕುಡಿತದಿಂದಲೋ ನಿಮಗೂ ತಿಳಿಯಲ್ಲ. ಸ್ಟೀಮ್ ಕೊಟ್ಟರೆ ತಲೆ ಸುತ್ತಿ ಬೀಳಬಹುದು. ‘ಕೂದಲು ಪೂರ್ತಿ ಗಿಡ್ಡ ಮಾಡಿ’ ಎಂದು ಅಮಲಿನಲ್ಲಿ ಹೇಳಿದ್ದನ್ನು ನಾನಂತೂ ಒಪ್ಪಿಗೆ ಅನ್ನಲ್ಲ. ‘ಕಾಫಿ ಕುಡಿಸಿ ಶುರು ಮಾಡ್ಲಾ?’ ಅಂದರು. ಕಾಫಿಗೆ ನಿದ್ದೆ ಹೋಗಬಹುದು, ಅಮಲು ಇಳಿಯಲ್ಲ. ಲಿವರ್ ತನ್ನ ವೇಗದಲ್ಲೇ ಕೆಲಸ ಮಾಡುತ್ತದೆ.

ಈ ಮಾತನ್ನು ಅಮಲಿನಲ್ಲಿ ಇರುವವರ ಜೊತೆ ಚರ್ಚೆ ಮಾಡಲು ಹೋಗಬೇಡಿ. ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹೇಳಿ: ‘ಕುಡಿದಿದ್ದರೆ ವ್ಯಾಕ್ಸ್, ಕಲರ್ ಏನೂ ಮಾಡಲ್ಲ ಮೇಡಂ, ಬೇರೆ ದಿನ ಕೊಡ್ತೀನಿ. ಎಲ್ಲರಿಗೂ ಇದೇ ನಿಯಮ.’ ಎಲ್ಲರಿಗೂ ಅಂದರೆ ನಿಜವಾಗಿಯೂ ಎಲ್ಲರಿಗೂ, ನಿಮ್ಮ ಸ್ವಂತ ನಾದಿನಿಗೂ. ಕಲರ್ ಹಚ್ಚಿದ ಮೇಲೆ ಗೊತ್ತಾದರೆ ಹಾಗೇ ಎಬ್ಬಿಸಿ ಕಳಿಸಬೇಡಿ, ಮೊದಲು ತೊಳೆಯಿರಿ. ಗಾಡಿ ಓಡಿಸಲು ಬಿಡದೆ ಮನೆಯವರನ್ನು ಕರೆಸಿ.

‘ಆ ಕಸ್ಟಮರ್‌ಗೆ ಕುಡಿತ ಬಿಡಿಸೋ ದಾರಿ ಯಾಕೆ ತೋರಿಸಲಿಲ್ಲ?’ ಎಂದು ನಮ್ಮ ವೃತ್ತಿಯವರೇ ಒಬ್ಬರು ಆಕ್ಷೇಪ ಎತ್ತಿದರು. ನನ್ನೆದುರು ಕೂತಿದ್ದವರು ಬ್ಯೂಟಿಷಿಯನ್. ಹುಬ್ಬು ತಿದ್ದುವವರ ಮೇಲೆ ಇನ್ನೊಬ್ಬರ ಚಟ ತಿದ್ದುವ ಹೊಣೆಯನ್ನೂ ಹೊರಿಸುವುದು ಅನ್ಯಾಯ ಅಲ್ವಾ? ಮೇಲಾಗಿ, ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಆಕೆಯೇ ಸಹಾಯ ಕೇಳಿದರೆ ಡಾಕ್ಟರ್ ಹತ್ತಿರ ಕಳಿಸಲಿ, ಸಾಕು.

ಕಸ್ಟಮರ್ ಮುನಿಸಿಕೊಂಡು ಕೆಲವು ದಿನ ಬರಲಿಲ್ಲ. ಈಗ ಬೆಳಿಗ್ಗೆ ಹೊತ್ತು ಬರುತ್ತಾರಂತೆ, ಮಾತು ಕಡಿಮೆ. ಇವರಿಗೆ ಅದು ಬೇಜಾರು. ಇಡೀ ದಿನ ಪರರ ಕಷ್ಟ ಕೇಳುವ ಇವರಿಗೆ ತಮ್ಮದನ್ನು ಹೇಳಿಕೊಳ್ಳಲು ಯಾರೂ ಇಲ್ಲ. ಈಗಿನ ಭೇಟಿಗಳಲ್ಲಿ ನಾವು ಮಾತಾಡುತ್ತಿರುವುದು ಅದನ್ನೇ.