ಸತ್ತ ಸಸಿಯಲ್ಲೂ ಅದೇ ಶಿಲೀಂಧ್ರ, ಬದುಕಿದ ಸಸಿಯಲ್ಲೂ ಅದೇ: ಕೊಂದದ್ದು ಯಾವುದು?

ಪ್ರಶ್ನೆ: ಸರ್, ನಾನು ಶಿರಸಿ ಕಡೆಯವನು. ಅರಣ್ಯಶಾಸ್ತ್ರ ಓದಿ ಈಗ ಅಮೆರಿಕದ ಐಡಹೊ ರಾಜ್ಯದ ಒಂದು ನರ್ಸರಿಯಲ್ಲಿ ಕೆಲಸಕ್ಕಿದ್ದೇನೆ. ಇಲ್ಲಿ ಡಗ್ಲಸ್ ಫರ್ ಎಂಬ ಸೂಜಿ ಎಲೆಯ ಮರದ ಸಸಿಗಳನ್ನು ಟ್ರೇಗಳಲ್ಲಿ ಬೆಳೆಸುತ್ತೇವೆ. ಕೆಲವು ಟ್ರೇಗಳಲ್ಲಿ ಬೇರು ಕೊಳೆತು ಸಸಿಗಳು ಸಾಯುತ್ತಿವೆ. ಸತ್ತವನ್ನೂ ಚೆನ್ನಾಗಿರುವವನ್ನೂ ಲ್ಯಾಬಿಗೆ ಕಳಿಸಿದೆ. ಎರಡಕ್ಕೂ ‘ಫ್ಯುಸೇರಿಯಮ್ ಆಕ್ಸಿಸ್ಪೋರಮ್’ ಎಂದೇ ವರದಿ ಬಂದಿದೆ. ಹಾಗಾದರೆ ಕೊಲ್ಲುತ್ತಿರುವುದು ಯಾವುದು? ಎಲ್ಲ ಟ್ರೇಗಳಿಗೂ ಔಷಧಿ ಹಾಕಬೇಕೆ?

ಉತ್ತರ: ಚೆನ್ನಾಗಿರುವ ಸಸಿಗಳನ್ನೂ ಲ್ಯಾಬಿಗೆ ಕಳಿಸಿದಿರಲ್ಲ, ಅದು ಬಹಳ ಒಳ್ಳೆಯ ಕೆಲಸ. ಹೆಚ್ಚಿನವರು ಸತ್ತದ್ದನ್ನು ಮಾತ್ರ ಕಳಿಸುತ್ತಾರೆ, ವರದಿಯಲ್ಲಿ ಬಂದ ಹೆಸರನ್ನೇ ಅಪರಾಧಿ ಎಂದುಕೊಳ್ಳುತ್ತಾರೆ.

ಫ್ಯುಸೇರಿಯಮ್ ಆಕ್ಸಿಸ್ಪೋರಮ್ ಎಂಬುದು ಒಂದೇ ಗುಣದ ಜೀವಿಯಲ್ಲ. ಅದರ ಎಷ್ಟೋ ತಳಿಗಳು ಬೇರಿನ ಮೇಲೆ ಸುಮ್ಮನೆ ಬದುಕಿಕೊಂಡಿರುತ್ತವೆ. ಫ್ರಾನ್ಸಿನ ಮಣ್ಣಿನಿಂದ ತೆಗೆದ ‘ಎಫ್‌ಒ47’ ಎಂಬ ತಳಿಯನ್ನಂತೂ ಬೆಳೆಯನ್ನು ಸೊರಗು ರೋಗದಿಂದ ಕಾಯಲು ಬಳಸುತ್ತಾರೆ. ಅದೇ ಪ್ರಭೇದದ ಇನ್ನೊಂದು ರೂಪ ಬಾಳೆಗೆ ಪನಾಮಾ ಸೊರಗು ತಂದು ನಮ್ಮ ನಂಜನಗೂಡು ರಸಬಾಳೆಯ ತೋಟಗಳನ್ನು ಬರಿದು ಮಾಡಿತು. ಯಾವ ಬಾಳೆಗೆ ತಗಲುತ್ತದೆ ಎನ್ನುವುದರ ಮೇಲೆ ಆ ರೋಗಾಣುವನ್ನು ‘ರೇಸ್’ ಎಂಬ ಗುಂಪುಗಳಾಗಿ ವಿಂಗಡಿಸುತ್ತಾರೆ; ಅದರ ಒಂದನೇ ರೇಸಿಗೆ ರಸಬಾಳೆ ಬಲಿಯಾದರೆ ಪಚ್ಚಬಾಳೆ ಜಗ್ಗುವುದಿಲ್ಲ.

ನಿಮ್ಮ ಟ್ರೇಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. 2003ರಲ್ಲಿ ಫ್ಯುಸೇರಿಯಮ್ ಕಮ್ಯೂನ್ ಎಂಬ ಹೊಸ ಪ್ರಭೇದವನ್ನು ವಿವರಿಸಲಾಯಿತು. ನೋಡಲು ಥೇಟ್ ಆಕ್ಸಿಸ್ಪೋರಮ್ ಹಾಗೆಯೇ. ಅಮೆರಿಕದ ಪಶ್ಚಿಮ ಭಾಗದ ಡಗ್ಲಸ್ ಫರ್ ನರ್ಸರಿಗಳಲ್ಲಿ ಅಲ್ಲಿಯವರೆಗೆ ಆಕ್ಸಿಸ್ಪೋರಮ್ ಎಂದು ಬರೆದಿಟ್ಟಿದ್ದ ತಳಿಗಳನ್ನು ಡಿಎನ್ಎ ಮೂಲಕ ಮತ್ತೆ ನೋಡಿದಾಗ, ಸಸಿಗಳನ್ನು ಉಗ್ರವಾಗಿ ಕೊಲ್ಲುತ್ತಿದ್ದವು ಬೇರೆಯೇ ಗುಂಪಾಗಿ ನಿಂತವು. ಅವು ಕಮ್ಯೂನ್ ಎಂದು 2006ರಲ್ಲಿ ಪ್ರಕಟವಾಯಿತು. ನಿಜವಾದ ಆಕ್ಸಿಸ್ಪೋರಮ್ ತಳಿಗಳು ಅದೇ ಸಸಿಗಳಿಗೆ ಹಾನಿ ಮಾಡಿರಲಿಲ್ಲ. ನಿಮ್ಮ ಲ್ಯಾಬು ಬರೀ ಸೂಕ್ಷ್ಮದರ್ಶಕ ನೋಡಿ ಹೆಸರಿಟ್ಟಿದ್ದರೆ ಈ ಎರಡೂ ಒಂದೇ ಹೆಸರಿನಡಿ ಸೇರಿರುವ ಸಾಧ್ಯತೆ ತುಂಬ ಇದೆ. ಕತ್ತಲಲ್ಲಿ ಬೆಳೆಸಿದಾಗ ಕಮ್ಯೂನ್ ಉದ್ದನೆಯ ಸಪೂರ ಬೀಜಕದಂಟುಗಳನ್ನು (ಶಿಲೀಂಧ್ರದ ಬೀಜಕಣ ಹುಟ್ಟುವ ದಂಟುಗಳು) ಬಿಡುತ್ತದೆ, ಕೆಲವು ದಂಟುಗಳಿಗೆ ಬೀಜಕಣ ಹೊರಬರುವ ಬಾಯಿ ಒಂದಕ್ಕಿಂತ ಹೆಚ್ಚು ಇರುತ್ತದೆ. ಆದರೆ ಅದನ್ನು ಗುರುತಿಸಲು ಪಳಗಿದ ಕಣ್ಣು ಬೇಕು. ಟಿಇಎಫ್ ಎಂಬ ಜೀನಿನ ಡಿಎನ್ಎ ಓದಿಸಿ ಎಂದು ಲ್ಯಾಬಿನವರನ್ನು ಕೇಳಿ. ಶಿಲೀಂಧ್ರ ಗುರುತಿಸಲು ಸಾಮಾನ್ಯವಾಗಿ ಓದುವ ಐಟಿಎಸ್ ಎಂಬ ಡಿಎನ್ಎ ತುಣುಕು ಒಂದೇ ಸಾಲದು.

ಔಷಧಿಗೆ ಮೊದಲು ಬೇರು ನೋಡಿ. ಸೊರಗಿದ ಸಸಿಯ ಬೇರನ್ನು ತೊಳೆದು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಜಗ್ಗಿ. ಕೊಳೆತಿದ್ದರೆ ಹೊರಸಿಪ್ಪೆ ಕಾಲುಚೀಲದಂತೆ ಕಳಚಿ ಬಂದು ನಡುವಿನ ನೂಲಿನಂಥ ನಾರು ಮಾತ್ರ ಉಳಿಯುತ್ತದೆ. ಸಿಪ್ಪೆ ಗಟ್ಟಿಯಾಗಿದ್ದು ಬೇರಿನ ತುದಿ ಬೆಳ್ಳಗಿದ್ದರೆ, ಅಲ್ಲಿ ಫ್ಯುಸೇರಿಯಮ್ ಸಿಕ್ಕಿದರೂ ನಾನು ಆ ಟ್ರೇಯನ್ನು ಮುಟ್ಟುವುದಿಲ್ಲ. ಸಿಕ್ಕಸಿಕ್ಕ ಟ್ರೇಗೆಲ್ಲ ಔಷಧಿ ಸುರಿದರೆ ಬೇರಿನ ಮೇಲಿನ ನಿರುಪದ್ರವಿಗಳೂ ಸಾಯುತ್ತವೆ. ಖಾಲಿಯಾದ ಜಾಗಕ್ಕೆ ಮೊದಲು ಯಾರು ಬರುತ್ತಾರೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಅಂದಹಾಗೆ, ಬಿಳಿ ಪೈನ್ ಸಸಿಗಳೂ ನಿಮ್ಮಲ್ಲಿದ್ದರೆ ಅವುಗಳ ಬೇರಲ್ಲಿ ಸಿಲಿಂಡ್ರೊಕಾರ್ಪಾನ್ ಎಂಬ ಇನ್ನೊಂದು ಶಿಲೀಂಧ್ರ ಸಿಗಬಹುದು. ಅದರ ದಾರಿ ನಿಧಾನದ್ದು. ಮೇಲೆ ಹಸಿರಾಗಿಯೇ ಇರುವ ಸಸಿಯ ಬೇರೂ ಒಳಗೆ ಕೊಳೆತಿರಬಹುದು.

ರೋಗ ಬರುವ ದಾರಿಗಳನ್ನು ಮುಚ್ಚುವುದಂತೂ ಇವತ್ತೇ ಆಗುವ ಕೆಲಸ. ಫ್ಯುಸೇರಿಯಮ್ ಬೀಜದ ಸಿಪ್ಪೆಯ ಮೇಲೂ ಬರುತ್ತದೆ, ಹಳೆಯ ಟ್ರೇಯ ಗೂಡುಗಳಲ್ಲೂ ಉಳಿದಿರುತ್ತದೆ. ಬೀಜವನ್ನು 48 ಗಂಟೆ ಹರಿಯುವ ನೀರಿನಲ್ಲಿ ನೆನೆಸಿ. ಟ್ರೇಗಳನ್ನು ಮತ್ತೆ ಬಳಸುವ ಮೊದಲು 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ. ಎಳೆಯ ಸಸಿಗಳಿಗೆ ಸಾರಜನಕ ಅತಿಯಾಗದಿರಲಿ.

ಇನ್ನು, ಯಾವ ತಳಿ ಎಷ್ಟು ಉಗ್ರ ಎನ್ನುವುದನ್ನು ಜೀನ್ ವರದಿಯೂ ಪೂರ್ತಿ ಹೇಳಲಾರದು. ಅದಕ್ಕೆ ಸಸಿಯನ್ನೇ ಕೇಳಬೇಕು. ಪರ್ಲೈಟ್ ಎಂಬ ಹಗುರ ಬಿಳಿ ಕಲ್ಲಿನ ಹರಳಿಗೆ ಮೆಕ್ಕೆಜೋಳದ ಹಿಟ್ಟು ಬೆರೆಸಿ, ಕ್ರಿಮಿಶುದ್ಧಿ ಮಾಡಿ, ಪ್ರತಿ ತಳಿಯನ್ನೂ ಅದರ ಮೇಲೆ ಬೇರೆಬೇರೆಯಾಗಿ ಬೆಳೆಸಿ. ಅದನ್ನು ಒಂದೇ ಅಳತೆಯಲ್ಲಿ, ಒಂದೇ ಬೀಜರಾಶಿಯಿಂದ ಆಗಷ್ಟೇ ಮೊಳೆತ ಸಸಿಗಳ ಮಣ್ಣಿಗೆ ಸೇರಿಸಿ. ಸತ್ತ ಸಸಿಯ ತಳಿ, ಬದುಕಿದ ಸಸಿಯ ತಳಿ ಎರಡೂ ಇರಲಿ. ಏನೂ ಸೇರಿಸದ ಒಂದು ಟ್ರೇಯನ್ನು ಪಕ್ಕದಲ್ಲೇ ಇಡಿ. ಯಾವುದು ಯಾವ ದಿನ ಸತ್ತಿತು ಎಂದು ಬರೆದಿಡಿ, ಸತ್ತ ಸಸಿಯ ಬೇರಿನಿಂದ ಅದೇ ತಳಿ ಮತ್ತೆ ಸಿಗುತ್ತದೆಯೇ ನೋಡಿ. ಏನೂ ಸೇರಿಸದ ಟ್ರೇಯಲ್ಲೂ ಸಸಿ ಸತ್ತು, ಅದರ ಬೇರಲ್ಲೂ ಫ್ಯುಸೇರಿಯಮ್ ಸಿಕ್ಕರೆ ಮೊದಲ ಅನುಮಾನ ಬೀಜದ ಮೇಲೆ. ಆಗ ಬೀಜರಾಶಿ ಬದಲಿಸಿ ಪರೀಕ್ಷೆಯನ್ನು ಮತ್ತೆ ಮಾಡಿ.