ಬಿಟ್ಟ ಉಸಿರನ್ನು ಎಲ್ಲಿ ಹಾಕುವುದು?

ಪ್ರಶ್ನೆ: ಬಾಹ್ಯಾಕಾಶ ನೌಕೆಗೆ ಬೇಕಾದಷ್ಟು ಆಕ್ಸಿಜನ್ ತುಂಬಿಕೊಂಡು ಹೋದರೆ ಸಾಕಲ್ವಾ? ಬಿಟ್ಟ ಉಸಿರನ್ನು ತೆಗೆಯಲು ಬೇರೆ ಯಂತ್ರ ಯಾಕೆ?
– ಒಬ್ಬ ಓದುಗರು, ಅರಸೀಕೆರೆ

ಉತ್ತರ: ರಾಗಿ ತುಂಬಿಡುತ್ತಿದ್ದ ಹಗೇವು ನಿಮಗೆ ನೆನಪಿರಬಹುದು. ಬಾಯಿ ತೆಗೆದ ಕೂಡಲೇ ಹಿರಿಯರು ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಕಾಳೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ನೌಕೆಯೂ ಬಾಯಿ ಮುಚ್ಚಿದ ಹಗೇವೇ.

ಒಬ್ಬ ಮನುಷ್ಯ ದಿನಕ್ಕೆ ಸುಮಾರು 1 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ. ಆಕ್ಸಿಜನ್ ಎಷ್ಟೇ ಸೇರಿಸಿ, ಇದು ಅಲ್ಲೇ ಉಳಿಯುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು. ಇನ್ನೂ ಜಾಸ್ತಿಯಾದರೆ ಪ್ರಾಣಕ್ಕೇ ಕುತ್ತು.

ತೆಗೆಯುವ ಹಳೆಯ ದಾರಿ ನಿಮಗೆ ಗೊತ್ತಿರುವುದೇ. ಸುಣ್ಣದ ತಿಳಿನೀರಿಗೆ ಊದಿದರೆ ಹಾಲಿನಂತಾಗುತ್ತದಲ್ವಾ? ಸುಣ್ಣ ಆ ಅನಿಲವನ್ನು ಹಿಡಿದುಕೊಂಡಿತು ಅಂತ ಅರ್ಥ. ಅಪೊಲೊ ನೌಕೆಗಳಲ್ಲಿ ಈ ಕೆಲಸ ಮಾಡಿದ್ದು ಲೀಥಿಯಂ ಹೈಡ್ರಾಕ್ಸೈಡ್ ತುಂಬಿದ ಡಬ್ಬಿಗಳು. ಅಗ್ಗದ ಸುಣ್ಣ ಯಾಕೆ ಬೇಡವಾಯಿತು? ತೂಕ. 1 ಕೆ.ಜಿ. ಅನಿಲ ಹಿಡಿಯಲು ಲೆಕ್ಕದ ಪ್ರಕಾರ ಸುಣ್ಣ 1.7 ಕೆ.ಜಿ. ಬೇಕು, ಲೀಥಿಯಂನದು 1.1 ಕೆ.ಜಿ. ಸಾಕು. 1970ರಲ್ಲಿ ಅಪೊಲೊ 13 ಕೆಟ್ಟಾಗ, ಚಂದ್ರನ ಮೇಲೆ ಇಳಿಯಲೆಂದಿದ್ದ ಪುಟ್ಟ ನೌಕೆಯನ್ನು ಮೂವರು ಯಾತ್ರಿಗಳೂ ಆಶ್ರಯಿಸಿದರು. ಅಲ್ಲಿನ ಡಬ್ಬಿ ದುಂಡಗೆ, ಮುಖ್ಯ ನೌಕೆಯಲ್ಲಿ ಉಳಿದಿದ್ದ ಡಬ್ಬಿಗಳು ಚೌಕ! ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಟೇಪ್ ಸೇರಿಸಿ ಹೇಗೋ ಜೋಡಿಸಿಕೊಂಡರು. ಆಕ್ಸಿಜನ್ ಇತ್ತು, ಆದರೂ ಈ ಪಾಡು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಇಲ್ಲ.

ಆದರೆ ಆ ಡಬ್ಬಿ ಒಮ್ಮೆ ತುಂಬಿದರೆ ಮುಗಿಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಏಳು ಜನ ಆರು ತಿಂಗಳು ಇದ್ದರೆ ಸುಮಾರು 1,400 ಕೆ.ಜಿ. ಬೇಕಾದೀತು. ಹಾಗಾಗಿ ಅಲ್ಲಿ ಜಿಯೋಲೈಟ್ ಎಂಬ ಸಣ್ಣ ಸಣ್ಣ ರಂಧ್ರಗಳ ಹರಳು ಬಳಸುತ್ತಾರೆ. ಅದು ಅನಿಲವನ್ನು ಒಳಗೆ ಸಿಕ್ಕಿಸಿಕೊಳ್ಳುತ್ತದೆ, ಬಿಸಿ ಮಾಡಿ ಒತ್ತಡ ಇಳಿಸಿದರೆ ಬಿಟ್ಟುಕೊಡುತ್ತದೆ. ಹರಳು ತುಂಬಿದ ಒಂದು ಪೆಟ್ಟಿಗೆ ಅನಿಲ ಹಿಡಿಯುವಾಗ ಇನ್ನೊಂದು ಖಾಲಿಯಾಗುತ್ತದೆ. ಜಿಯೋಲೈಟ್‌ಗೆ ನೀರಿನ ಮೇಲೆ ಆಸೆ ಜಾಸ್ತಿ. ಅದಕ್ಕೇ ಗಾಳಿಯನ್ನು ಮೊದಲು ಒಣಗಿಸಬೇಕು. ಅದಕ್ಕೆ ಬಳಸುವ ವಸ್ತುಗಳಲ್ಲಿ ಸಿಲಿಕಾ ಜೆಲ್ ಕೂಡ ಒಂದು. ಹೊಸ ಶೂ ಡಬ್ಬಿಯಲ್ಲಿ ಸಿಗುವ ಪುಟ್ಟ ಪೊಟ್ಟಣದಲ್ಲಿರುವುದೂ ಅದೇ.

ಹೀಗೆ ಬಿಡಿಸಿದ ಅನಿಲವನ್ನು ಹೊರಗೆ ಬಿಡಬಹುದು, ಇಲ್ಲವೇ ಹೈಡ್ರೋಜನ್ ಜೊತೆ ಸೇರಿಸಿ ನೀರು ಮತ್ತು ಮೀಥೇನ್ ಮಾಡಬಹುದು.

ಫ್ಯಾನನ್ನೂ ಮರೆಯಬೇಡಿ. ಅಲ್ಲಿ ಬಿಸಿ ಗಾಳಿ ತಾನಾಗಿ ಮೇಲೇರುವುದಿಲ್ಲ. ಫ್ಯಾನ್ ನಿಂತರೆ, ಮಲಗಿದವರು ಬಿಟ್ಟ ಉಸಿರು ಅವರ ಮುಖದ ಸುತ್ತಲೇ ಸುಮ್ನೆ ಕೂತಿರುತ್ತದೆ.