ಕೊಳಗದ ಮೇಲಿನ ಹೆಸರು

ನಮಸ್ಕಾರ ಮೇಡಂ,

ರಾಜಾಜಿನಗರದಿಂದ ನೀವು ಬರೆದ ನಾಲ್ಕು ಪುಟದ ಕಾಗದ ಬಂತು. ಮಗಳು ವಂಶವೃಕ್ಷ ಬರೆಯೋಕೆ ಕೂತಾಗ ಗಂಡನ ಕಡೆಯ ಐದು ತಲೆಮಾರಿನ ಗಂಡಸರ ಹೆಸರು ಪಟಪಟ ಸಿಕ್ಕಿತು, ನಿಮ್ಮ ಅಜ್ಜಿಯ ಹೆಸರಿಗೆ ಮಾತ್ರ ತಾಯಿಗೆ ಫೋನ್ ಮಾಡಬೇಕಾಯಿತು ಅಂದಿದ್ದೀರಿ. ಕೊನೆಗೆ "ನನ್ನ ಹೆಸರಿನ ಮುಂದೆ ಗೃಹಿಣಿ ಅಂತ ಹಾಕಿದೆ. 26 ವರ್ಷದಲ್ಲಿ ಬರೆಯುವಂಥದ್ದು ಇನ್ನೇನು ಮಾಡಿದ್ದೇನೆ ಹೇಳಿ" ಅಂತ ಕೇಳಿದ್ದೀರಿ.

ಸುಮ್ನೆ ಸಮಾಧಾನ ಹೇಳೋದು ಬೇಡ ಅಂತ ನಿಮ್ಮ ಕಾಗದವನ್ನೇ ಇನ್ನೊಮ್ಮೆ ಓದಿದೆ. ಅಪ್ಪ ಎಚ್‌ಎಂಟಿ ವಾಚ್ ಕಾರ್ಖಾನೆ, ಮಾವ ಬಿನ್ನಿ ಮಿಲ್ಲು, ಗಂಡ ಬ್ಯಾಂಕು. ಹೆಂಗಸರೆಲ್ಲ 'ಮನೇಲಿದ್ದರು'. ಅಷ್ಟೇ. ಅತ್ತೆ ಹಾಸಿಗೆ ಹಿಡಿದಿದ್ದ ಏಳು ವರ್ಷವನ್ನು ನೀವು ಒಂದೇ ಸಾಲಲ್ಲಿ ಮುಗಿಸಿದ್ದೀರಿ!

1980ರ ಡಿಸೆಂಬರ್ ಕೊನೆಗೆ ಶುರುವಾದ ಮುಷ್ಕರ ನಿಮಗೆ ನೆನಪಿರಲಿಕ್ಕಿಲ್ಲ, ಆಗ ಚಿಕ್ಕವರಿದ್ದಿರಿ. ಬೆಂಗಳೂರಿನ ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್, ಐಟಿಐಯಂಥ ಕೇಂದ್ರ ಸರ್ಕಾರಿ ಕಾರ್ಖಾನೆಗಳ ಕಾರ್ಮಿಕರು 77 ದಿನ ಕೆಲಸ ನಿಲ್ಲಿಸಿದ್ದರು. ಆ ಕಥೆ ಹೇಳುವವರು ಗೇಟ್ ಮುಂದಿನ ಭಾಷಣ, ಮೆರವಣಿಗೆ ಹೇಳುತ್ತಾರೆ. ಅಷ್ಟೂ ದಿನ ಮನೆಯಲ್ಲಿ ಒಲೆ ಹೇಗೆ ಉರಿಯಿತು ಅಂತ ಯಾರೂ ಹೇಳಲ್ಲ. ನಮ್ಮಪ್ಪನೂ ಅಂಥದ್ದೇ ಒಂದು ಕಾರ್ಖಾನೆಯಲ್ಲಿದ್ದರು. ಅಮ್ಮ ಬಳೆ ಮೊದಲೇ ಅಡ ಇಟ್ಟಾಗಿತ್ತು, ಆಮೇಲೆ ನೀರು ಕಾಯಿಸುವ ದೊಡ್ಡ ಹಿತ್ತಾಳೆ ಕೊಳಗವನ್ನೂ ಸೀರೆಯಲ್ಲಿ ಸುತ್ತಿಕೊಂಡು, ಬೀದಿಯವರಿಗೆ ಕಾಣಬಾರದು ಅಂತ ಕತ್ತಲಾದ ಮೇಲೆ ಸೇಟು ಅಂಗಡಿಗೆ ಒಯ್ದಳು. ಬಿಡಿಸಿಕೊಂಡಿದ್ದು ಎರಡು ವರ್ಷಕ್ಕೆ. ಅದು ಈಗ ನಮ್ಮ ಮನೆಯಲ್ಲಿದೆ. ಕಂಠದ ಮೇಲೆ ಅಜ್ಜಿಯ ಹೆಸರು ಕೆತ್ತಿದೆ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಮೊದಲ ಅಕ್ಷರವೇ ಹೋಗಿದೆ.

ಅದಕ್ಕೇ ಹೇಳೋದು, ನೀವು ಅಟ್ಟ ಹತ್ತಿ. ಮುಯ್ಯಿಗೆ ಬಂದ ಚೊಂಬು, ಸ್ಟೀಲ್ ಡಬ್ಬ ತಿರುಗಿಸಿ ನೋಡಿ. ಯಾರು ಕೊಟ್ಟರು, ಯಾವ ತಾರೀಕು, ಯಾರ ಮದುವೆ ಅಂತ ಇರುತ್ತೆ. ಪಹಣಿಯಲ್ಲಿ ಇಲ್ಲದ ಹೆಂಗಸರು ಅಲ್ಲಿರುತ್ತಾರೆ. ಹಳೇ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಉಳಿದಿದ್ದರೆ ಎಸೆಯಬೇಡಿ. ಹಾಲಿನ ಲೆಕ್ಕ, ಸಿಲಿಂಡರ್ ಹಾಕಿದ ದಿನ, ನಲ್ಲಿ ನೀರು ಬರುವ ದಿನ ಎಲ್ಲ ಅದರಲ್ಲೇ ಗೀಚಿರುತ್ತೀರಿ, ಅಲ್ವಾ? ಅರ್ಧ ಲೀಟರ್ ಜಾಸ್ತಿ ಬರೆದ ದಿನ ನೆಂಟರು ಬಂದಿದ್ದರು ಅಂತಲೇ ಅರ್ಥ.

ಇನ್ನು 'ಏನು ಮಾಡಿದ್ದೇನೆ' ಅಂದಿರಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97. (97 ಅನ್ನೋದೇ ನನಗೆ ಜಾಸ್ತಿ ಅನ್ನಿಸಿತು, ನಮ್ಮ ಮನೆಯಲ್ಲಂತೂ ಅಷ್ಟಿಲ್ಲ. ತಪ್ಪು ನನ್ನದೇ.) ಆ ಲೆಕ್ಕದಲ್ಲಿ ನಿಮ್ಮ 26 ವರ್ಷಕ್ಕೆ ಸುಮಾರು 47 ಸಾವಿರ ಗಂಟೆ. ಅತ್ತೆಯ ಆರೈಕೆ ಇದರಲ್ಲಿ ಸೇರಿಲ್ಲ, ಸಮೀಕ್ಷೆಯವರು ಅದನ್ನು ಬೇರೆಯೇ ಲೆಕ್ಕ ಹಾಕುತ್ತಾರೆ.

'ಗೃಹಿಣಿ' ಅಂತ ಹಾಕಿದ್ದನ್ನು ಹೊಡೆದು ಹಾಕಬೇಡಿ. ಅದರ ಕೆಳಗೆ ಜಾಗ ಬಿಡಿ, ಆ ಏಳು ವರ್ಷದಿಂದ ಶುರು ಮಾಡಿ. ಅದಕ್ಕಿಂತ ಮುಂಚೆ ತಾಯಿಗೆ ಇನ್ನೊಂದು ಫೋನ್ ಮಾಡಿ, ಆ 77 ದಿನ ಏನು ಅಡುಗೆ ಮಾಡಿದರು ಅಂತ ಕೇಳಿ. ಮಧ್ಯಾಹ್ನ ಊಟ ಆದ ಮೇಲೆ ಮಾಡಿ, ಧಾರಾವಾಹಿ ಶುರುವಾದರೆ ಎತ್ತಲ್ಲ.

— ಸಂಪಾದಕ